ವಿಡಿಯೊ ನೋಡುವಾಗ ಎಲ್ಲ ಅರ್ಥ ಆಗುತ್ತೆ, ಪರೀಕ್ಷೆಯಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ಸರ್, ನಾನು ಅಣ್ಣಿಗೇರಿಯವಳು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ದಿನಾ ಬಸ್ಸಲ್ಲಿ ಓಡಾಟ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಪುಸ್ತಕ, ನೋಟ್ಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಒಳ್ಳೆ ಮಾರ್ಕ್ಸ್ ಬಂತು. ಡಿಗ್ರಿಗೆ ಸೇರಿದಾಗ ಅಪ್ಪ ಕಡಲೆ ಮಾರಿದ ದುಡ್ಡಲ್ಲಿ ಲ್ಯಾಪ್‌ಟಾಪ್ ಕೊಡಿಸಿದರು. ಈಗ ಯೂಟ್ಯೂಬ್ ಇದೆ, ಪಿಡಿಎಫ್ ಇದೆ, ಚಾಟ್‌ಜಿಪಿಟಿ ಇದೆ. ದಿನಕ್ಕೆ ಮೂರ್ನಾಲ್ಕು ತಾಸು ವಿಡಿಯೊ ನೋಡುತ್ತೇನೆ. ನೋಡುವಾಗ ಎಲ್ಲ ಅರ್ಥ ಆಗುತ್ತೆ. ಪರೀಕ್ಷೆಗೆ ಕೂತರೆ ತಲೆ ಖಾಲಿ. ಸೆಮಿಸ್ಟರಿಂದ ಸೆಮಿಸ್ಟರಿಗೆ ಮಾರ್ಕ್ಸ್ ಇಳಿಯುತ್ತಿದೆ. ಫೋನ್, ಲ್ಯಾಪ್‌ಟಾಪ್ ಎರಡನ್ನೂ ಕಸಿದು ಇಡುತ್ತೇವೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ತಂತ್ರಜ್ಞಾನದಿಂದ ನಿಜವಾಗಿಯೂ ಓದು ಕೆಡುತ್ತಾ? ನಾನೇನು ಮಾಡಲಿ?

ಉತ್ತರ: ತಂಗೀ, 27 ವರ್ಷ ಧಾರವಾಡದಲ್ಲಿ ನಿನ್ನ ವಯಸ್ಸಿನ ಮಕ್ಕಳಿಗೇ ಫಿಸಿಕ್ಸ್ ಹೇಳಿಕೊಟ್ಟವನು ನಾನು. ಅದಕ್ಕೇ ‘ನೀನು’ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪತ್ರ ಎರಡು ಸಲ ಓದಿದೆ. ‘ಅರ್ಥ ಆಗುತ್ತೆ’ ಅಂತ ಬರೆದಿದ್ದೀಯ. ‘ಬರುತ್ತೆ’ ಅಂತ ಎಲ್ಲೂ ಬರೆದಿಲ್ಲ. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ, ಅಲ್ವಾ? ಈಜು ಬರುತ್ತೆ ಅನ್ನುತ್ತೇವೆ, ಲೆಕ್ಕ ಬರುತ್ತೆ ಅನ್ನುತ್ತೇವೆ. ಈಜು ಅರ್ಥ ಆಗುತ್ತೆ ಅಂತ ಯಾರೂ ಹೇಳಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನೀನು ಬುದ್ಧಿ ಬಂದಾಗಿನಿಂದ ನೋಡಿರುತ್ತೀಯ. ಅದರಲ್ಲಿ ಅರ್ಥ ಆಗದೇ ಇರುವಂಥದ್ದು ಏನೂ ಇಲ್ಲ. ಆದರೂ ಮೊದಲ ಸಲ ನೀನೇ ಬಡಿಯಲು ಕೂತಾಗ ಅಂಚು ಸೀಳಿರಬೇಕು, ಹಂಚಿಗೆ ಹಾಕುವಷ್ಟರಲ್ಲಿ ಹರಿದಿರಬೇಕು. ಪರೀಕ್ಷೆಯಲ್ಲಿ ನಿನಗೆ ಆಗುತ್ತಿರುವುದೂ ಅದೇ. ನೋಡಿ ನೋಡಿ ಅರ್ಥ ಮಾಡಿಕೊಂಡಿದ್ದೀಯ, ಬಡಿದಿಲ್ಲ.

ನನ್ನ ಕ್ಲಾಸಿನ ಒಂದು ದಿನದ ಕತೆ ಹೇಳುತ್ತೇನೆ. ಅವತ್ತು ಬ್ರಿಜ್ ರೆಕ್ಟಿಫೈಯರ್ ಪಾಠ. ದಿಕ್ಕು ಬದಲಿಸುತ್ತಿರುವ ಎಸಿ ಕರೆಂಟನ್ನು ಒಂದೇ ದಿಕ್ಕಿನ ಡಿಸಿ ಮಾಡುವ ಸರ್ಕ್ಯೂಟ್. ನಾಲ್ಕು ಡಯೋಡ್, ಅಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ. ನಿನಗೂ ಬಂದಿರುತ್ತೆ. ಒಂದು ಚೆಂದದ ವಿಡಿಯೊ ತೋರಿಸಿದೆ. ಪಾಸಿಟಿವ್ ಅರ್ಧ ಸೈಕಲ್‌ಗೆ ಕೆಂಪು ಬಾಣ, ನೆಗೆಟಿವ್‌ಗೆ ನೀಲಿ ಬಾಣ. ಕರೆಂಟ್ ಯಾವ ದಾರಿ ಹಿಡಿದು ಎಲ್ಲಿ ಹೊರಗೆ ಬರುತ್ತೆ ಅಂತ ಕಣ್ಣಿಗೆ ಕಟ್ಟುವ ಹಾಗೆ ಮಾಡಿದ್ದರು. ‘ಅರ್ಥ ಆಯ್ತಾ?’ ಅಂದೆ. ಇಡೀ ಕ್ಲಾಸು ‘ಹೂಂ’ ಅಂತು. ‘ಸರಿ, ಫೋನ್ ಒಳಗಿಡಿ. ಖಾಲಿ ಹಾಳೆ ತೆಗೆದು ಸರ್ಕ್ಯೂಟ್ ಬರೀರಿ’ ಅಂದೆ.

ವಜ್ರದ ಆಕಾರ ಎಲ್ಲರೂ ಬರೆದರು. ಡಯೋಡ್ ಕೂರಿಸುವಲ್ಲಿ ಪೆನ್ನು ನಿಂತಿತು. ಸುಮಾರು ಜನರ ಹಾಳೆಯಲ್ಲಿ ಒಂದು ಡಯೋಡ್ ಉಲ್ಟಾ. ಲ್ಯಾಬಿನಲ್ಲಿ ಹಾಗೆ ಜೋಡಿಸಿದರೆ ಒಂದು ಅರ್ಧ ಸೈಕಲ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಎರಡು ಡಯೋಡ್ ಮೂಲಕ ನೇರ ಶಾರ್ಟ್ ಆಗುತ್ತೆ. ಸುಟ್ಟ ವಾಸನೆ ಬರುತ್ತೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ‘ಸರ್, ಈಗ ತಾನೇ ಎಲ್ಲ ಗೊತ್ತಿತ್ತು’ ಅಂದಳು. ಗೊತ್ತಿದ್ದದ್ದು ವಿಡಿಯೊಗೆ, ಅವಳಿಗಲ್ಲ.

ಆಮೇಲೆ ಅದೇ ವಿಡಿಯೊ ಮತ್ತೆ ಹಾಕಿದೆ. ಈ ಸಲ ನೋಡುವ ರೀತಿಯೇ ಬೇರೆ ಆಗಿತ್ತು. ಯಾರೂ ಬಣ್ಣದ ಬಾಣ ನೋಡುತ್ತಿರಲಿಲ್ಲ. ತಾವು ತಪ್ಪಿದ್ದ ಆ ಒಂದು ಡಯೋಡ್ ಯಾವ ಕಡೆ ಮುಖ ಮಾಡಿದೆ ಅಂತಲೇ ಎಲ್ಲರ ಕಣ್ಣು. ಇಬ್ಬರು ‘ಸರ್, ನಿಲ್ಸಿ ನಿಲ್ಸಿ’ ಅಂತ ಕೂಗಿದರು. ಮೊದಲ ಸಲ ಯಾರೂ ನಿಲ್ಲಿಸಿ ಅಂದಿರಲಿಲ್ಲ.

ಇದು ನನ್ನೊಬ್ಬನ ಅನುಭವ ಅಲ್ಲ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಡಿಗರ್, ಜೆಫ್ರಿ ಕಾರ್ಪಿಕಿ ಅನ್ನುವ ಇಬ್ಬರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಸಣ್ಣ ಪಾಠವನ್ನು ನಾಲ್ಕು ಸರದಿ ಕೂತು ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಹಾಳೆ ಮೇಲೆ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದವರೇ ಮುಂದೆ: ಶೇ 83, ಬರೆದವರದ್ದು ಶೇ 71. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಪೂರ್ತಿ ತಿರುವುಮುರುವು. ಬರೀ ಓದಿದವರಿಗೆ ನೆನಪಿದ್ದದ್ದು ಶೇ 40, ಬರೆದು ನೋಡಿದವರಿಗೆ ಶೇ 61. ಮೊದಲ ಗುಂಪು ಆ ಪಾಠವನ್ನು ಸರಾಸರಿ 14 ಸಲ ಓದಿತ್ತು, ಎರಡನೆಯದು ಮೂರೂವರೆ ಸಲವೂ ಓದಿರಲಿಲ್ಲ. ‘ನಮಗೆ ಚೆನ್ನಾಗಿ ನೆನಪಿರುತ್ತೆ’ ಅಂತ ಜಾಸ್ತಿ ಧೈರ್ಯ ಇದ್ದದ್ದು ಮಾತ್ರ ಮೊದಲ ಗುಂಪಿಗೇ.

ನಿನ್ನ ಮೂರ್ನಾಲ್ಕು ತಾಸು ಆ ಮೊದಲ ಗುಂಪಿನ ಓದು. ಪುಸ್ತಕದಲ್ಲಿ ಆದರೆ ಕಷ್ಟದ ಸಾಲು ಬಂದಾಗ ನಾವೇ ನಿಲ್ಲುತ್ತೇವೆ. ವಿಡಿಯೊ ನಮಗಾಗಿ ಕಾಯುವುದಿಲ್ಲ. ಹೇಳುವವನಿಗೆ ಬರುತ್ತೆ, ಅವನು ಸರಾಗವಾಗಿ ಹೇಳುತ್ತಾನೆ, ಅವನ ಸರಾಗ ನಮ್ಮದೇ ಅನ್ನಿಸಿಬಿಡುತ್ತೆ. ಪಿಯುಸಿಯಲ್ಲಿ ನಿನ್ನ ಹತ್ತಿರ ಪುಸ್ತಕ ಮಾತ್ರ ಇತ್ತು. ಲೆಕ್ಕ ಬಿಡಿಸಿರುತ್ತೀಯ, ನೋಟ್ಸನ್ನು ಮತ್ತೆ ಬರೆದಿರುತ್ತೀಯ, ಗೋಡೆಗೆ ಮುಖ ಮಾಡಿ ಬಾಯಿಪಾಠ ಹೇಳಿರುತ್ತೀಯ. ಅದೆಲ್ಲ ಬೇಸರದ ಕೆಲಸ ಅನ್ನಿಸಿರಬಹುದು. ಕಲಿಕೆ ಆಗುತ್ತಿದ್ದದ್ದು ಅಲ್ಲೇ.

ಬರೀ ಹುಡುಗರಿಗೆ ಹೇಳಿದರೆ ಆಗಲ್ಲ, ನನ್ನ ತಪ್ಪನ್ನೂ ಹೇಳಬೇಕು. ನಾನಿದ್ದ ಒಂದು ಕಾಲೇಜಿಗೆ, ಹೆಸರು ಬೇಡ, ಸ್ಮಾರ್ಟ್ ಬೋರ್ಡ್ ಬಂತು. ತೆಂಗಿನಕಾಯಿ ಒಡೆದು ಪೂಜೆ ಮಾಡಿದೆವು. ನಾನು ಉತ್ಸಾಹದಲ್ಲಿ ಎಲ್ಲ ಪಾಠಕ್ಕೂ ಪಿಪಿಟಿ ಮಾಡಿಕೊಂಡೆ. ಸುಣ್ಣದ ಕಡ್ಡಿ ಹಿಡಿದಾಗ ಒಂದು ಡೆರಿವೇಶನ್‌ಗೆ 35 ನಿಮಿಷ ಬೇಕಿತ್ತು. ಪಿಪಿಟಿಯಲ್ಲಿ ಹತ್ತೇ ನಿಮಿಷಕ್ಕೆ ಮುಗಿಯಿತು. ಸಿಲೆಬಸ್ ತಿಂಗಳು ಮೊದಲೇ ಮುಗಿಸಿದೆ ಅಂತ ಸ್ಟಾಫ್ ರೂಮಿನಲ್ಲಿ ಜಂಬ ಪಟ್ಟೆ. ಇಂಟರ್ನಲ್ ಟೆಸ್ಟ್ ಪೇಪರ್ ತಿದ್ದುವಾಗ ಜಂಬ ಇಳಿಯಿತು. ಮೊದಲ ಸಾಲು ಇದೆ, ಕೊನೆಯ ಸಾಲು ಇದೆ, ನಡುವೆ ‘ಆದ್ದರಿಂದ’ ಅಂತ ಮೂರು ಚುಕ್ಕಿ. ಬೋರ್ಡಿನ ಮೇಲೆ ನಾನು ಒಂದೊಂದೇ ಹೆಜ್ಜೆ ಬರೆಯುವಾಗ, ಸೈನ್ ತಪ್ಪಿ ಒರೆಸಿ ತಿದ್ದುವಾಗ, ಮಕ್ಕಳಿಗೆ ಯೋಚನೆ ಮಾಡಲು ಬಿಡುವು ಸಿಗುತ್ತಿತ್ತು. ಆ ಬಿಡುವನ್ನು ನಾನೇ ಕಿತ್ತುಕೊಂಡಿದ್ದೆ. ಈಗಲೂ ಡೆರಿವೇಶನ್‌ಗೆ ನನಗೆ ಕಪ್ಪು ಹಲಗೆಯೇ ಬೇಕು. ಚಿತ್ರ, ಗ್ರಾಫ್, ಅನಿಮೇಶನ್‌ಗೆ ಸ್ಮಾರ್ಟ್ ಬೋರ್ಡ್ ಬೇಕು.

ರಿಚರ್ಡ್ ಕ್ಲಾರ್ಕ್ ಅನ್ನುವ ಶಿಕ್ಷಣ ತಜ್ಞರು 1983ರಲ್ಲೇ ಒಂದು ಮಾತು ಹೇಳಿ ಜಗಳ ಎಬ್ಬಿಸಿದ್ದರು. ಪುಸ್ತಕ, ವಿಡಿಯೊ, ಕಂಪ್ಯೂಟರ್ ಥರ ಪಾಠ ತಲುಪಿಸುವ ಮಾಧ್ಯಮ ಅನ್ನುವುದು ಕಿರಾಣಿ ಸಾಮಾನು ತರುವ ಲಾರಿ ಇದ್ದ ಹಾಗೆ, ಲಾರಿ ಬದಲಾದ ಮಾತ್ರಕ್ಕೆ ಊಟದ ಸತ್ವ ಬದಲಾಗಲ್ಲ ಅಂತ. ನನಗೆ ಇದು ಮುಕ್ಕಾಲು ಪಾಲು ಸರಿ ಅನ್ನಿಸುತ್ತೆ. ಉಳಿದ ಕಾಲು ಭಾಗದಲ್ಲಿ ಲಾರಿಯೂ ಲೆಕ್ಕಕ್ಕೆ ಬರುತ್ತೆ.

ಉದಾಹರಣೆಗೆ ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಪರದೆ ಮೇಲೆ ಮಾಡುವ ಪ್ರಯೋಗ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನುವ ಉಚಿತ ಸಿಮ್ಯುಲೇಶನ್‌ಗಳಿವೆ. ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಶುರು ಮಾಡಿದ್ದು. ಅದರಲ್ಲಿ ಬ್ಯಾಟರಿ, ತಂತಿ, ಬಲ್ಬು ಎಳೆದು ಜೋಡಿಸಬಹುದು. ತಂತಿಯೊಳಗೆ ಎಲೆಕ್ಟ್ರಾನ್ ಸರಿಯುವುದು ಕಾಣುತ್ತೆ. 2005ರಲ್ಲಿ ಅಲ್ಲಿಯವರು ಕಾಲೇಜು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ನಿಜವಾದ ಬಲ್ಬು, ತಂತಿ. ಇನ್ನೊಂದಕ್ಕೆ ಸಿಮ್ಯುಲೇಶನ್ ಮಾತ್ರ. ಕೊನೆಗೆ ಎರಡೂ ಗುಂಪಿಗೆ ನಿಜವಾದ ಸಾಮಾನು ಕೊಟ್ಟು ಸರ್ಕ್ಯೂಟ್ ಜೋಡಿಸಿ ವಿವರಿಸಿ ಅಂದರೆ, ಸಿಮ್ಯುಲೇಶನ್‌ನವರೇ ಚೆನ್ನಾಗಿ ಮಾಡಿದರು. ನಮ್ಮ ಲ್ಯಾಬುಗಳಲ್ಲಿ ಸಡಿಲ ತಂತಿ, ಕೆಟ್ಟ ಮೀಟರ್ ಹುಡುಕುವುದರಲ್ಲೇ ಅರ್ಧ ಸಮಯ ಹೋಗುತ್ತೆ ಅಲ್ವಾ, ಅಲ್ಲಿ ಆ ತೊಂದರೆ ಇರಲಿಲ್ಲ. ಜೊತೆಗೆ ಕಣ್ಣಿಗೆ ಕಾಣದ್ದು ಕಂಡಿತು. ಆದರೆ ನೋಡು, ಅಲ್ಲೂ ಜೋಡಿಸಿದ್ದು ವಿದ್ಯಾರ್ಥಿಗಳ ಕೈ. ಸುಮ್ನೆ ನೋಡುತ್ತ ಕೂತಿರಲಿಲ್ಲ.

ಕ್ಲಾಸಿನಲ್ಲಿ ಫೋನ್ ವಿಷಯ ಬೇಗ ಮುಗಿಸುತ್ತೇನೆ, ಇದು ನಿನಗೂ ಗೊತ್ತಿರುವುದೇ. 2013ರಲ್ಲಿ ಕೆನಡಾದಲ್ಲಿ ನಡೆದ ಪ್ರಯೋಗದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರ ಅಂಕ ಶೇ 11ರಷ್ಟು ಕಡಿಮೆ ಬಂತು. ಇನ್ನೊಂದು ಪ್ರಯೋಗದಲ್ಲಿ, ತಾವು ಏನೂ ಮಾಡದೆ ಅಂಥವರ ಪರದೆ ಕಾಣುವ ಜಾಗದಲ್ಲಿ ಕೂತವರ ಅಂಕ ಶೇ 17ರಷ್ಟು ಕಡಿಮೆ. ಪಕ್ಕದವಳ ರೀಲ್ಸ್‌ನಿಂದ ನಿನ್ನ ಮಾರ್ಕ್ಸ್ ಹೋಗುತ್ತೆ ಅಂತಾಯ್ತು. ಮುಂದಿನ ಬೆಂಚಿಗೆ ಹೋಗಿ ಕೂತುಬಿಡು.

ಪರದೆಯೋ ಕಾಗದವೋ ಅನ್ನುವುದರ ಮೇಲೂ ಬೇಕಾದಷ್ಟು ಅಧ್ಯಯನ ಆಗಿದೆ. 2018ರಲ್ಲಿ ಅಂಥ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಕಾಗದಕ್ಕೆ ಸ್ವಲ್ಪ ಮೇಲುಗೈ ಅಂದರು. ಸಮಯದ ಒತ್ತಡ ಇದ್ದರೆ ಅಂತರ ಜಾಸ್ತಿ, ಕತೆ ಓದುವಾಗ ಅಂತರವೇ ಇಲ್ಲ. ಕೈಯಲ್ಲಿ ನೋಟ್ಸ್ ಬರೆದರೆ ಒಳ್ಳೆಯದು, ಟೈಪ್ ಮಾಡಿದರೆ ಕೆಟ್ಟದ್ದು ಅಂತ 2014ರಲ್ಲಿ ಒಂದು ಅಧ್ಯಯನ ಭಾರಿ ಹೆಸರು ಮಾಡಿತು. ಅದನ್ನೇ ಮತ್ತೆ ಮಾಡಿ ನೋಡಿದವರಿಗೆ ಅಷ್ಟು ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ನಾನು ಟೈಪ್ ಮಾಡುವವರನ್ನು ಬೈಯಲ್ಲ. ಒಂದು ಮಾತು ಮಾತ್ರ ಮರೆಯಬೇಡ. ನಿನ್ನ ಪರೀಕ್ಷೆ ಗಂಟೆಗಟ್ಟಲೆ ಪೆನ್ನು ಹಿಡಿದು ಬರೆಯುವ ಪರೀಕ್ಷೆ. ಇಡೀ ಸೆಮಿಸ್ಟರ್ ಬೆರಳಲ್ಲಿ ಪರದೆ ಉಜ್ಜಿದವರಿಗೆ ಒಂದು ತಾಸು ಆಗುವಷ್ಟರಲ್ಲಿ ಕೈ ನೋಯುತ್ತೆ. ಎಷ್ಟೋ ಪೇಪರಿನಲ್ಲಿ ಕೊನೆಯ ಎರಡು ಉತ್ತರದ ಅಕ್ಷರ ನೋಡಿಯೇ ನನಗೆ ಇದು ಗೊತ್ತಾಗುತ್ತಿತ್ತು.

ಈಗ ಚಾಟ್‌ಜಿಪಿಟಿಯಂಥವು. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕಂದರೆ ನಿನ್ನಂಥ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಿಂದ ನಿಜವಾದ ಉಪಯೋಗ ಇದೆ. ನಮ್ಮ ಕಡೆ ಗದಗ, ಹಾವೇರಿ ಹಳ್ಳಿಗಳಿಂದ ಬರುವ ಹುಡುಗರು ವಿಜ್ಞಾನಕ್ಕೆ ಹೆದರುವುದಿಲ್ಲ, ಪುಸ್ತಕದ ಇಂಗ್ಲಿಷಿಗೆ ಹೆದರುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಒಂದು ಪುಟ ಓದಲು ಅರ್ಧ ತಾಸು, ಡಿಕ್ಷನರಿ ಪಕ್ಕದಲ್ಲಿ. ಕೇಳಲು ನಾಚಿಕೆ. ಈಗ ರಾತ್ರಿ ಹನ್ನೊಂದಕ್ಕೆ ‘ಇದನ್ನು ಕನ್ನಡದಲ್ಲಿ, ಸರಳವಾಗಿ ಹೇಳು’ ಅಂದರೆ ಹೇಳುತ್ತೆ. ಹತ್ತು ಸಲ ಕೇಳಿದರೂ ಸಿಟ್ಟಾಗಲ್ಲ. ಅಷ್ಟು ತಾಳ್ಮೆ ನನಗೂ ಇರಲಿಲ್ಲ.

ಆದರೆ ಕಣ್ಣು ಮುಚ್ಚಿ ನಂಬಬೇಡ. ಒಬ್ಬ ಹುಡುಗ ಒಂದು ಸಲ ಯಾವುದೋ ಆ್ಯಪಿನಿಂದ ಮಾಡಿದ ಅನುವಾದ ತಂದು ತೋರಿಸಿದ. ‘ಡಯೋಡ್ ಮೂಲಕ ಪ್ರಸ್ತುತ ಹರಿಯುತ್ತದೆ’ ಅಂತ ಇತ್ತು. ಕರೆಂಟ್ ಹೋಗಿ ‘ಪ್ರಸ್ತುತ’ ಆಗಿತ್ತು! ಅವನು ಅದನ್ನೇ ಬಾಯಿಪಾಠ ಮಾಡುತ್ತಿದ್ದ. ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಕನ್ನಡದಲ್ಲಿ ಅರ್ಥ ಮಾಡಿಕೊ, ಆದರೆ ಕರೆಂಟನ್ನು ಕರೆಂಟ್ ಅಂತಲೇ ಇಟ್ಟುಕೋ. ಕೊನೆಗೆ ಉತ್ತರವನ್ನು ಇಂಗ್ಲಿಷಿನಲ್ಲಿ ನೀನೇ ಬರಿ, ನಾಲ್ಕು ಸಾಲಾದರೂ ಪರವಾಗಿಲ್ಲ. ಯಂತ್ರದ ಇಂಗ್ಲಿಷ್ ಎತ್ತಿ ಬರೆದರೆ ಅಸೈನ್‌ಮೆಂಟಿಗೆ ಮಾರ್ಕ್ಸ್ ಬರುತ್ತೆ, ಪರೀಕ್ಷೆಯಲ್ಲಿ ಮೊದಲ ವಾಕ್ಯವೇ ಹುಟ್ಟಲ್ಲ.

ಟರ್ಕಿಯಲ್ಲಿ ಹೈಸ್ಕೂಲಿನ ಸುಮಾರು 1000 ಮಕ್ಕಳ ಮೇಲೆ ಗಣಿತದಲ್ಲಿ ಇದನ್ನು ಪರೀಕ್ಷಿಸಿದ್ದಾರೆ. 2024ರಲ್ಲಿ ಹೊರಬಂದ ಅಧ್ಯಯನ. ಚಾಟ್‌ಜಿಪಿಟಿಯಂಥದ್ದು ಪಕ್ಕದಲ್ಲಿದ್ದಾಗ ಅಭ್ಯಾಸದ ಲೆಕ್ಕಗಳಲ್ಲಿ ಮಕ್ಕಳು ಶೇ 48ರಷ್ಟು ಜಾಸ್ತಿ ಗಳಿಸಿದರು. ಆಮೇಲೆ ಅದನ್ನು ತೆಗೆದು ಪರೀಕ್ಷೆ ಕೊಟ್ಟರೆ, ಯಾವತ್ತೂ ಅದನ್ನು ಮುಟ್ಟದವರಿಗಿಂತ ಶೇ 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿಗೆ ಪೂರ್ತಿ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಹಾಗೆ ಅದನ್ನು ತಿದ್ದಿ ಕೊಟ್ಟಿದ್ದರು. ಅಭ್ಯಾಸದಲ್ಲಿ ಅವರು ಶೇ 127ರಷ್ಟು ಮುಂದೆ ಹೋದರು. ಪರೀಕ್ಷೆಯಲ್ಲಿ ಹೆಚ್ಚು ಕಡಿಮೆ ಮುಟ್ಟದವರ ಸಮಕ್ಕೇ ನಿಂತರು. ಹಾರ್ವರ್ಡ್‌ನ ಫಿಸಿಕ್ಸ್ ಕೋರ್ಸೊಂದರಲ್ಲಿ ಒಂದೊಂದೇ ಹೆಜ್ಜೆ ನಡೆಸುವ ಎಐ ಟ್ಯೂಟರ್ ಮಾಡಿದರು. ಅಲ್ಲಿ ಕ್ಲಾಸಿಗಿಂತ ಕಡಿಮೆ ಸಮಯದಲ್ಲಿ ಜಾಸ್ತಿ ಕಲಿತರು. ಇದು 2025ರಲ್ಲಿ ಪ್ರಕಟ ಆಗಿದೆ. ಯಂತ್ರ ಅದೇ ಜಾತಿಯದ್ದು. ಟರ್ಕಿಯ ಮೊದಲ ಗುಂಪಿನಲ್ಲಿ ಕಷ್ಟದ ಭಾಗ ಯಂತ್ರ ಮಾಡಿತು. ಹಾರ್ವರ್ಡ್‌ನಲ್ಲಿ ಅದು ವಿದ್ಯಾರ್ಥಿಯ ಕೈಯಲ್ಲೇ ಉಳಿಯಿತು.

ಹಾಗಾಗಿ ನೀನು ಕೇಳುವ ರೀತಿ ಬದಲಿಸು. ಮೊದಲು ರಫ್ ನೋಟ್ಸಿನಲ್ಲಿ ಕಾಲು ತಾಸು ನೀನೇ ಒದ್ದಾಡು. ಎಲ್ಲಿ ಸಿಕ್ಕಿಬಿತ್ತೋ ಅಲ್ಲಿವರೆಗಿನದ್ದನ್ನು ಫೋಟೊ ತೆಗೆದು ಹಾಕಿ, ‘ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದ್ದೇನೆ ಅಷ್ಟೇ ಹೇಳು’ ಅನ್ನು. ಅದು ಹೇಳಿದ್ದನ್ನು ಪುಸ್ತಕದ ಜೊತೆ ತಾಳೆ ನೋಡು. ಡಯೋಡ್ ದಿಕ್ಕಿನಲ್ಲಿ ಅದೂ ಎಡವುತ್ತೆ, ನಾನೇ ಹಿಡಿದಿದ್ದೇನೆ.

ಬಸ್ಸಿನ ವಿಷಯಕ್ಕೆ ಬರೋಣ. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಹೆಚ್ಚು ಕಡಿಮೆ ಒಂದು ತಾಸು. ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಬಸ್ಸಲ್ಲಿ ಸೀಟು ಸಿಗುವುದೂ ಕಷ್ಟ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನ್, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿರುತ್ತೆ. ಅಂಥದ್ದರಲ್ಲಿ ವಿಡಿಯೊ ನೋಡಬೇಡ. ಬಸ್ ಹತ್ತುವಾಗ ಒಂದೇ ಪ್ರಶ್ನೆ ಇಟ್ಟುಕೋ, ನಿನ್ನೆಯ ಪಾಠದ್ದು. ನಲವಡಿ ದಾಟುವವರೆಗೆ ಫೋನ್ ಬ್ಯಾಗಿನಲ್ಲೇ ಇರಲಿ. ಮನಸ್ಸಲ್ಲೇ ಉತ್ತರ ಹೇಳಿಕೋ. ಆಮೇಲೆ ತೆಗೆದು ಎಲ್ಲಿ ತಪ್ಪಿತು ಅಂತ ನೋಡು. ಅದೇ ಪ್ರಶ್ನೆಯನ್ನು ಮೂರು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ. ಮೊದಲ ವಾರ ಬಹಳ ಬೇಸರ ಆಗುತ್ತೆ. ಏನೂ ನೆನಪಾಗಲ್ಲ, ಓದಿದ್ದೆಲ್ಲ ದಂಡ ಅನ್ನಿಸುತ್ತೆ. ಆ ರೋಡಿಗರ್ ಪ್ರಯೋಗದಲ್ಲಿ ಐದು ನಿಮಿಷದ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಯಾರು ಅಂತ ನೆನಪು ಮಾಡಿಕೋ.

ಸಂಜೆಯ ವಿಡಿಯೊ ಒಂದು ತಾಸಿಗೆ ಇಳಿಸು. ಬೇಕಾದರೆ ಒಂದೂವರೆ ಪಟ್ಟು ವೇಗದಲ್ಲಿ ನೋಡು. ಎರಡು ಪಟ್ಟಿನವರೆಗೂ ದೊಡ್ಡ ನಷ್ಟ ಇಲ್ಲ ಅಂತ 2021ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದ ಅಧ್ಯಯನ ಹೇಳುತ್ತೆ. ಉಳಿಸಿದ ಸಮಯದಲ್ಲಿ ಪರದೆ ಮುಚ್ಚಿ ಒಂದು ಹಾಳೆ ತುಂಬು. ಐಐಟಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳನ್ನು ನೋಡುತ್ತೀಯಾದರೆ ಸುಮ್ನೆ ನೋಡಬೇಡ, ಕೋರ್ಸಿಗೆ ಹೆಸರು ಹಚ್ಚು. ಅಲ್ಲಿ ವಾರ ವಾರ ಅಸೈನ್‌ಮೆಂಟ್ ಇರುತ್ತೆ, ಕೊನೆಯ ತಾರೀಖು ಇರುತ್ತೆ. ಐಐಟಿ ಪ್ರೊಫೆಸರ ಪಾಠಕ್ಕಿಂತ ಆ ಕೊನೆಯ ತಾರೀಖೇ ನಮ್ಮ ಎಷ್ಟೋ ಮಕ್ಕಳಿಗೆ ಜಾಸ್ತಿ ಕಲಿಸಿದೆ.

ನಿನ್ನ ಅಪ್ಪನಿಗೆ ಈ ಮಾತು ಓದಿ ಹೇಳು. ಅಣ್ಣಾರ, ಫೋನ್, ಲ್ಯಾಪ್‌ಟಾಪ್ ಕಸಿದುಕೊಳ್ಳಬೇಡಿ. ಕಾಲೇಜಿನ ನೋಟಿಸು, ಇಂಟರ್ನಲ್ ಟೆಸ್ಟಿನ ತಾರೀಖು, ಲ್ಯಾಬಿನ ಬ್ಯಾಚು ಎಲ್ಲ ಈಗ ವಾಟ್ಸ್‌ಆ್ಯಪಿನಲ್ಲೇ ಬರುತ್ತವೆ. ಕಸಿದರೆ ಅದೂ ಹೋಗುತ್ತೆ. ಅದರ ಬದಲು ದಿನಾ ರಾತ್ರಿ ಊಟಕ್ಕೆ ಕೂಡುವ ಮೊದಲು ‘ಇವತ್ತಿನ ಹಾಳೆ ತೋರಿಸು’ ಅನ್ನಿ. ಅದರಲ್ಲಿ ಬರೆದಿದ್ದು ನಿಮಗೆ ತಿಳಿಯಬೇಕಾಗಿಲ್ಲ. ಹಾಳೆ ತುಂಬಿದೆಯೋ ಇಲ್ಲವೋ ನೋಡಿದರೆ ಸಾಕು. ರಾತ್ರಿ ಮಲಗುವಾಗ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅಲ್ಲೇ ಇರಲಿ.

ತಂಗೀ, ಈಗ ಇದನ್ನು ಓದುತ್ತಿರುವ ಫೋನನ್ನು ಮಗುಚಿ ಇಡು. ಖಾಲಿ ಹಾಳೆ ತೊಗೋ. ಬ್ರಿಜ್ ರೆಕ್ಟಿಫೈಯರ್ ಬರಿ. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಲ್ಲಿ 12 ವೋಲ್ಟ್ ಆರ್‌ಎಂಎಸ್ ಇದೆ ಅಂತ ಇಟ್ಟುಕೋ. ಸಿಲಿಕಾನ್ ಡಯೋಡ್, ಒಂದೊಂದಕ್ಕೆ 0.7 ವೋಲ್ಟ್. ಲೋಡಿನ ಮೇಲೆ ಬರುವ ಪೀಕ್ ವೋಲ್ಟೇಜ್ ಎಷ್ಟು? ಒಂದು ಡಯೋಡಿನ ಡ್ರಾಪ್ ಕಳೆಯಬೇಕೋ, ಎರಡರದ್ದೋ, ನಾಲ್ಕರದ್ದೋ? ಉತ್ತರ ನಾನು ಇಲ್ಲಿ ಬರೆಯುವುದಿಲ್ಲ. ನಿನ್ನ ಹಾಳೆಯ ಫೋಟೊ ಕಳಿಸು, ಕಾಟು ಹಾಕಿದ್ದಿದ್ದರೆ ಅದೂ ಕಾಣುವ ಹಾಗೆ.